ರಿಗ್ ಬಂತು ಅಂದ್ರೆ ಗಣಿ ಬಂತು ಅಂತಲ್ಲ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಬಸ್ಸಲ್ಲಿ ಕಿಟಕಿ ಪಕ್ಕ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೂ, ರಾತ್ರಿ ಕರೆಂಟ್ ಬಂದಾಗ ಪಂಪ್‌ಸೆಟ್ ಹಚ್ಚೋಕೆ ಹೊಲಕ್ಕೆ ಹೋಗಿ ಫೋನ್ ಕೇಳ್ತಾ ಕೂತಿರೋರಿಗೂ ನಮಸ್ಕಾರ.

ನಾನು ಅಬ್ಬಿಗೇರಿಯವನು. ಗದಗ ಜಿಲ್ಲೆ, ರೋಣ ತಾಲ್ಲೂಕು. ಓದಿದ್ದು ಭೂವಿಜ್ಞಾನ. ಕೆಲಸ ಏನು ಅಂತ ಕೇಳಿದರೆ ಮನೆಯಲ್ಲಿ ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. "ಕಲ್ಲು ನೋಡ್ತಾನ" ಅಂತಾರೆ. ಅದು ತಪ್ಪೇನಲ್ಲ. ಕಂಪನಿಗಳು ನೆಲಕ್ಕೆ ತೂತು ಕೊರೆದು ಕಲ್ಲು ತೆಗೀತಾವಲ್ಲ, ಆ ಕಲ್ಲನ್ನು ಅಳೆದು, ಲೆನ್ಸ್ ಹಿಡಿದು ನೋಡಿ, ಎಷ್ಟು ಮೀಟರ್ ಆಳದಲ್ಲಿ ಏನಿದೆ ಅಂತ ಬರೆದಿಡೋದು ನನ್ನ ಕೆಲಸ.

ಇವತ್ತಿನ ಮಾತು ಅದರ ಬಗ್ಗೆನೇ. ತಾಮ್ರ, ಸತು, ಸೀಸ, ನಿಕಲ್, ಇವಕ್ಕೆ ಬೇಸ್ ಮೆಟಲ್ಸ್ ಅಂತಾರೆ. ಇವನ್ನು ಹುಡುಕಿಕೊಂಡು ಒಂದು ಸಣ್ಣ ಕಂಪನಿ ಒಂದು ಊರಿಗೆ ಡ್ರಿಲ್ಲಿಂಗ್ ರಿಗ್ ತಂದು ನಿಲ್ಲಿಸಿದರೆ ಎರಡು ಕಡೆ ಗದ್ದಲ ಶುರು ಆಗುತ್ತೆ. ಒಂದು, ಊರ ಕಟ್ಟೆಯಲ್ಲಿ: "ಹೊಲದಾಗ ಬಂಗಾರ ಸಿಕ್ಕೈತಂತ, ಎಕರೆಗೆ ಎಷ್ಟ್ ಬರ್ತದೋ." ಇನ್ನೊಂದು, ನಿಮ್ಮ ಕೈಯಲ್ಲಿರೋ ಫೋನಿನ ಶೇರ್ ಆ್ಯಪ್‌ನಲ್ಲಿ: "ಈ ಕಂಪನಿಗೆ ತಾಮ್ರ ಸಿಕ್ಕಿದೆ, ಈಗಲೇ ತಗೊಳ್ಳಿ." ಎರಡೂ ಕಡೆ ಇರೋ ತಪ್ಪು ತಿಳಿವಳಿಕೆ ಒಂದೇ. ರಿಗ್ ಬಂತು ಅಂದ್ರೆ ಗಣಿ ಬಂತು ಅಂದುಕೊಳ್ಳೋದು. ಆದರೆ ಡ್ರಿಲ್ ಅನ್ನೋದು ನೆಲಕ್ಕೆ ಕೇಳೋ ಪ್ರಶ್ನೆ. ಬಹಳ ಸಲ ನೆಲ ಕೊಡೋ ಉತ್ತರ "ಇಲ್ಲ" ಅಂತಲೇ ಇರುತ್ತೆ.

ಮೊದಲೇ ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ಅಬ್ಬಿಗೇರಿಯಲ್ಲಿ ತಾಮ್ರ ಸಿಕ್ಕಿದೆ ಅಂತ ನಾನು ಹೇಳ್ತಿಲ್ಲ. ನಾಳೆ ಈ ಆಡಿಯೋದ ಹತ್ತು ಸೆಕೆಂಡ್ ಕಟ್ ಮಾಡಿ ವಾಟ್ಸಾಪ್‌ನಲ್ಲಿ ಹಾಕಬೇಡ್ರಪ್ಪ.

ಬೋರ್‌ವೆಲ್ ಬೇರೆ, ಕೋರ್ ಡ್ರಿಲ್ಲಿಂಗ್ ಬೇರೆ

ನಮ್ಮ ಕಡೆ ಡ್ರಿಲ್ಲಿಂಗ್ ಅಂದ್ರೆ ಏನು ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ತೆಂಗಿನಕಾಯಿ ಅಂಗೈ ಮೇಲೆ ಇಟ್ಟುಕೊಂಡು ನೀರು ನೋಡೋರು ಬರ್ತಾರೆ, ಬೋರ್ ಗಾಡಿ ಬರುತ್ತೆ, ರಾತ್ರಿಯೆಲ್ಲ ಧೂಳು ಹಾರುತ್ತೆ. ಇನ್ನೂರು ಅಡಿ, ನಾನೂರು ಅಡಿ, "ಇನ್ನೊಂದು ಐವತ್ತು ಹೋಗ್ಲಿ ಬಿಡ್ರಿ" ಅಂತ ಮತ್ತೆ ಐವತ್ತು ಅಡಿ. ಬೆಳಗಿನ ಹೊತ್ತಿಗೆ ಗೊತ್ತಾಗುತ್ತೆ, ನೀರು ಬಿತ್ತೋ ಬೋರ್ ಫೇಲಾಯ್ತೋ ಅಂತ. ಸಾಲ ಮಾತ್ರ ಎರಡೂ ಸಲ ಒಂದೇ.

ಆ ಗಾಡಿ ಗಾಳಿ ಒತ್ತಡದಿಂದ ಕಲ್ಲನ್ನು ಕುಟ್ಟಿ ಪುಡಿ ಮಾಡಿ ಮೇಲೆ ಹಾಕುತ್ತೆ. ನೀರಿಗೆ ದಾರಿ ಆದರೆ ಸಾಕು, ಪುಡಿ ಯಾರಿಗೂ ಬೇಡ. ಲೋಹ ಹುಡುಕೋರಿಗೆ ಇದರ ಉಲ್ಟಾ. ಅವರಿಗೆ ತೂತು ಮುಖ್ಯ ಅಲ್ಲ, ತೂತಿನೊಳಗಿಂದ ಬರೋ ಕಲ್ಲು ಮುಖ್ಯ. ಅದಕ್ಕೆ ವಜ್ರದ ಚೂರು ಕೂರಿಸಿದ, ಬಳೆಯ ಹಾಗೆ ನಡುವೆ ಖಾಲಿ ಇರೋ ಬಿಟ್ ಬಳಸ್ತಾರೆ. ಅದು ಸುತ್ತುತ್ತಾ ಕಲ್ಲನ್ನು ಉರುಟಾಗಿ ಕೊರೆದು ಇಳಿಯುತ್ತೆ, ನಡುವಿನ ಕಲ್ಲು ಕೋಲಿನ ಹಾಗೆ ಪೈಪಿನೊಳಗೆ ನಿಲ್ಲುತ್ತೆ. ಆ ಕಲ್ಲಿನ ಕೋಲೇ ಕೋರ್. ಹೆಚ್ಚಾಗಿ ಬಳಸೋ ಒಂದು ಅಳತೆಯ ಹೆಸರು ಎನ್‌ಕ್ಯೂ. ಅದರ ಕೋರ್‌ನ ಅಡ್ಡಗಲ 47.6 ಮಿಲಿಮೀಟರ್, ಅಂದರೆ ಸುಮಾರು ಎರಡು ಇಂಚು.

ಬೋರ್‌ವೆಲ್ ನೇರ ಕೆಳಗೆ ಇಳಿಯುತ್ತೆ. ಈ ಡ್ರಿಲ್ ಬಹಳ ಸಲ ಓರೆಯಾಗಿ ಹೋಗುತ್ತೆ. ಯಾಕಂದ್ರೆ ಅದಿರಿನ ಪದರಗಳು ನಮ್ಮ ನೆಲದಲ್ಲಿ ಚಪಾತಿ ಜೋಡಿಸಿಟ್ಟ ಹಾಗೆ ಮಲಗಿಲ್ಲ. ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ ನಿಂತಿವೆ. ನೇರ ಇಳಿದರೆ ಎರಡು ಪುಸ್ತಕದ ನಡುವೆ ಹಾದು ಹೋಗಿಬಿಡಬಹುದು.

ಬಿಟ್ ಬಿಸಿ ಆಗದ ಹಾಗೆ ನೋಡಿಕೊಳ್ಳೋಕೆ ಎಡೆಬಿಡದೆ ನೀರು ಬೇಕು, ಹಾಗಾಗಿ ಟ್ಯಾಂಕರ್ ಬರುತ್ತೆ. ಬೋರ್ ಗಾಡಿ ಒಂದು ರಾತ್ರಿಯಲ್ಲಿ ಮುಗಿಸಿ ಹೋಗುತ್ತೆ. ಈ ರಿಗ್ ಒಂದು ತೂತಿಗೆ ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ನಿಲ್ಲುತ್ತೆ. ಮೀಟರ್ ಲೆಕ್ಕದಲ್ಲಿ ಸಾವಿರಾರು ರೂಪಾಯಿ ಖರ್ಚು.

ಹೊರಗೆ ಬಂದ ಕೋರ್ ಅನ್ನು ಉದ್ದುದ್ದ ಟ್ರೇಗಳಲ್ಲಿ ಜೋಡಿಸಿ, ಆಳ ಬರೆದು, ತೊಳೆದು, ಫೋಟೋ ತೆಗೀತೀವಿ. ಆಮೇಲೆ ಉದ್ದಕ್ಕೆ ಸೀಳಿ ಅರ್ಧ ಲ್ಯಾಬಿಗೆ, ಅರ್ಧ ಶೆಡ್ಡಿನಲ್ಲಿ. ಈ ಅರ್ಧ ಇಟ್ಟುಕೊಳ್ಳೋದನ್ನು ನೆನಪಿಡಿ. ಮುಂದೆ ಇದರ ಮೇಲೆ ಒಂದು ದೊಡ್ಡ ಕಥೆ ಇದೆ.

ಇನ್ನೊಂದು ಲೆಕ್ಕ. ಒಂದು ಎಕರೆ ಅಂದ್ರೆ ಸುಮಾರು 4,047 ಚದರ ಮೀಟರ್. ಅದರಲ್ಲಿ ಇಂಥ ಒಂದು ತೂತು ತೆಗೆದರೆ ನಾವು ಕಣ್ಣಾರೆ ನೋಡಿದ್ದು ಆ ಎಕರೆಯ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪಾಲಿನಲ್ಲಿ ಒಂದೇ ಒಂದು ಪಾಲು. ಒಂದು ಅಗುಳು ಹಿಚುಕಿ ಅನ್ನ ಬೆಂದಿದೆಯಾ ನೋಡೋದು ಸರಿ, ಯಾಕಂದ್ರೆ ಪಾತ್ರೆಯೊಳಗೆ ಎಲ್ಲಾ ಅಗುಳೂ ಒಂದೇ ಥರ. ನೆಲ ಹಾಗಿಲ್ಲ. ಹತ್ತು ಹೆಜ್ಜೆ ಆಚೆ ಬೇರೆಯೇ ಕಲ್ಲು.

ನಮ್ಮ ನೆಲದ ಹಳೇ ಕಥೆ

ಹಾಗಾದರೆ ನಮ್ಮ ಜಿಲ್ಲೆಗೆ ಯಾರಾದರೂ ಲೋಹ ಹುಡುಕಿಕೊಂಡು ಯಾಕೆ ಬರಬೇಕು? ಇದಕ್ಕೆ ಕಾರಣ ಹಳೆಯದು.

ರಾಬರ್ಟ್ ಬ್ರೂಸ್ ಫೂಟ್ ಅಂತ ಒಬ್ಬ ಬ್ರಿಟಿಷ್ ಭೂವಿಜ್ಞಾನಿ, ಜಿಯಾಲಾಜಿಕಲ್ ಸರ್ವೆ ಆಫ್ ಇಂಡಿಯಾದವನು. ಡಂಬಳದ ಗುಡ್ಡಗಳಲ್ಲಿ, ಅಂದರೆ ಇವತ್ತಿನ ಕಪ್ಪತಗುಡ್ಡದಲ್ಲಿ, ಚಿನ್ನ ಇರೋ ಕಲ್ಲುಗಳ ಬಗ್ಗೆ 1874ರಲ್ಲೇ ಬರೆದ. ಅವನು ಬರೋಕೆ ಮುಂಚೆಯೇ ಡೋಣಿ, ಸೊರಟೂರು ಕಡೆಯ ಹಳ್ಳಗಳಲ್ಲಿ ಜಾಲಗಾರರು ಮರಳು ತೊಳೆದು ಚಿನ್ನದ ಕಣ ತೆಗೀತಿದ್ದರು. ಮಳೆ ಬಂದು ಹಳ್ಳ ಹರಿದ ಮೇಲೆ ಅವರ ಕೆಲಸ. ಅದೂ ಒಂಥರಾ ಖನಿಜ ಶೋಧನೆಯೇ. ವ್ಯತ್ಯಾಸ ಇಷ್ಟೇ, ಅವರು ತೂತು ಕೊರೆಯಲಿಲ್ಲ, ಮಳೆಯೇ ಗುಡ್ಡ ಕೊರೆದು ಕೆಳಗೆ ತಂದು ಕೊಡ್ತಿತ್ತು.

ಫೂಟ್ ಈ ಕಲ್ಲುಗಳ ಗುಂಪಿಗೆ ಧಾರವಾಡದ ಹೆಸರಿಟ್ಟ. ಇವತ್ತಿಗೂ ಜಗತ್ತಿನ ಯಾವುದೇ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದೋರು 'ಧಾರವಾಡ ಕ್ರೇಟಾನ್' ಅನ್ನೋ ಹೆಸರು ಕೇಳಿರ್ತಾರೆ. ಪೇಢೆಗಿಂತ ದೂರ ಹೋದ ಧಾರವಾಡದ ಹೆಸರು ಇದು.

ಶ್ರೀರಂಗಪಟ್ಟಣದ ಕಡೆಯಿಂದ ಚಿತ್ರದುರ್ಗ ದಾಟಿ ಗದಗದವರೆಗೆ ಒಂದು ಉದ್ದನೆ ಪಟ್ಟಿ ಇದೆ. ಚಿತ್ರದುರ್ಗ ಶಿಸ್ಟ್ ಪಟ್ಟಿ ಅಂತಾರೆ. ಸುಮಾರು 260–270 ಕೋಟಿ ವರ್ಷಗಳ ಹಿಂದಿನ ಕಲ್ಲು. ಆಗ ಇಲ್ಲಿ ಸಮುದ್ರ ಇತ್ತು, ಸಮುದ್ರದ ತಳದಲ್ಲಿ ಜ್ವಾಲಾಮುಖಿಗಳಿದ್ದವು. ಆ ಬಿಸಿನೀರಿನ ಬುಗ್ಗೆಗಳು ಗಂಧಕದ ಜೊತೆ ತಾಮ್ರ, ಸತುವನ್ನು ಹೊತ್ತು ತಂದು ತಳದಲ್ಲಿ ಕೂರಿಸ್ತಾವೆ. ಇವತ್ತಿಗೂ ಆಳ ಸಮುದ್ರದಲ್ಲಿ ಇದು ನಡೀತಾ ಇದೆ.

ಇದರ ಜೀವಂತ ಉದಾಹರಣೆ ಚಿತ್ರದುರ್ಗದ ಪಕ್ಕದ ಇಂಗಳದಾಳ್. ಅಲ್ಲಿ ತಾಮ್ರದ ಗಣಿ ಇತ್ತು. ಚಿತ್ರದುರ್ಗ ಕಾಪರ್ ಕಂಪನಿ ಶುರು ಮಾಡಿದ್ದು, ಆಮೇಲೆ ಹಟ್ಟಿ ಚಿನ್ನದ ಗಣಿ ಕಂಪನಿಯ ಕೈಗೆ ಬಂತು. ಹಾಸನ ಜಿಲ್ಲೆಯ ಕಲ್ಯಾಡಿಯಲ್ಲೂ ಒಂದು ತಾಮ್ರದ ಗಣಿ ಇತ್ತು. ಎರಡೂ ಬಂದ್ ಆಗಿವೆ. ಅಂದರೆ ಅರ್ಥ ಮಾಡಿಕೊಳ್ಳಿ: ತಾಮ್ರ ಇತ್ತು, ಅದಿರು ಹೊರಗೂ ಬಂತು, ಜನ ಕೆಲಸವನ್ನೂ ಮಾಡಿದರು. ಆದರೂ ಗಣಿ ನಿಂತಿತು. ನೆಲದಲ್ಲಿ ಲೋಹ ಇರೋದು ಒಂದು ಮಾತು. ಲಾಭ ಆಗುವಷ್ಟು ಇರೋದು ಇನ್ನೊಂದು ಮಾತು. ಬೆಲೆ ಇಳಿದಾಗಲೂ ತಡೆದುಕೊಳ್ಳುವಷ್ಟು ಇರೋದು ಮೂರನೇ ಮಾತು.

ನಮ್ಮ ಗದಗದಲ್ಲೂ ಇದೇ ಆಗಿದೆ. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಹೊಸೂರು, ಕಬಲಾಯತಕಟ್ಟಿ ಸುತ್ತಮುತ್ತ ಬ್ರಿಟಿಷ್ ಕಾಲದ ಕಂಪನಿಗಳು ಚಿನ್ನಕ್ಕಾಗಿ ಗಣಿ ತೋಡಿದವು, ಯಂತ್ರ ತಂದವು. ಬಹಳ ವರ್ಷ ನಿಲ್ಲಲಿಲ್ಲ, ಮುಚ್ಚಿ ಹೋದವು. ರಾಯಚೂರಿನ ಹಟ್ಟಿ ಮಾತ್ರ ಇನ್ನೂ ನಡೀತಾ ಇದೆ, ಅಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನ ಗಣಿ ತೋಡಿದ್ದರು. ಹೀಗೆ ಒಂದು ಹಟ್ಟಿ ನಿಲ್ಲಬೇಕಾದರೆ ಎಷ್ಟೋ ಕಡೆ ತೋಡಿ, ನೋಡಿ, ಬಿಟ್ಟು ಹೋಗಿರ್ತಾರೆ.

ಸಣ್ಣ ಕಂಪನಿ ಬದುಕೋದು ಹೇಗೆ?

ದೊಡ್ಡ ಗಣಿ ಕಂಪನಿಗೆ ಅದಿರು ಮಾರಿದ ದುಡ್ಡು ಬರುತ್ತೆ. ಸಣ್ಣ ಶೋಧಕ ಕಂಪನಿಗೆ ಮಾರೋಕೆ ಏನೂ ಇರೋದಿಲ್ಲ. ಕೆನಡಾ, ಆಸ್ಟ್ರೇಲಿಯಾದಲ್ಲಿ ಇಂಥವಕ್ಕೆ 'ಜೂನಿಯರ್' ಅಂತಾರೆ. ಅವು ಶೇರು ಮಾರಿ ದುಡ್ಡು ಎತ್ತುತ್ತವೆ, ಡ್ರಿಲ್ ಮಾಡ್ತವೆ, ಫಲಿತಾಂಶ ಪ್ರಕಟಿಸ್ತವೆ. ಸುದ್ದಿ ಚೆನ್ನಾಗಿದ್ದರೆ ಶೇರು ಏರುತ್ತೆ, ಮತ್ತೆ ಶೇರು ಮಾರಿ ಮತ್ತೆ ಡ್ರಿಲ್. ಅಂದರೆ ಅದು ಮಾರೋ ಸರಕು ತಾಮ್ರ ಅಲ್ಲ, ತಾಮ್ರದ ಸುದ್ದಿ.

ಇದನ್ನು ಮೋಸ ಅಂತ ನಾನು ಹೇಳ್ತಿಲ್ಲ. ಜಗತ್ತಿನ ಎಷ್ಟೋ ಒಳ್ಳೆ ಗಣಿಗಳನ್ನು ಕಂಡುಹಿಡಿದದ್ದು ಇಂಥ ಸಣ್ಣ ಕಂಪನಿಗಳೇ. ದೊಡ್ಡವರು ಕಾಲಿಡದ ಕಡೆ ಹೋಗಿ, ಟೆಂಟ್ ಹಾಕಿ, ಬಿಸಿಲಲ್ಲಿ ಅಲೆದು ಹುಡುಕೋರು ಅವರು. ನನ್ನ ಹೊಟ್ಟೆ ತುಂಬಿದ್ದೂ ಇಂಥ ಕೆಲಸದಿಂದಲೇ. ತಾಮ್ರ ನಮಗೆ ಬೇಕೂ ಬೇಕು. ನಿಮ್ಮ ಫೋನ್ ಚಾರ್ಜರ್‌ನಲ್ಲಿ, ಪಂಪ್‌ಸೆಟ್ಟಿನ ಮೋಟರ್ ವೈಂಡಿಂಗ್‌ನಲ್ಲಿ, ಗಜೇಂದ್ರಗಡದ ಕಡೆ ತಿರುಗ್ತಿರೋ ಗಾಳಿಯಂತ್ರಗಳಲ್ಲಿ ತಾಮ್ರ ಇದೆ. ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ತಾಮ್ರವೂ ಸೇರಿದೆ.

ಆದರೆ ಹುಡುಕಿದವನಿಗೆ ಸಿಕ್ಕೇ ಸಿಗುತ್ತೆ ಅಂತಿಲ್ಲ. ಸಿಕ್ಕರೂ ತೆಗೆಯೋಕೆ ಆಗುತ್ತೆ ಅಂತಲೂ ಇಲ್ಲ. ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಗಣಜೂರನ್ನೇ ತಗೊಳ್ಳಿ. ಅಲ್ಲಿ ಹುಡುಕಿದ್ದು ತಾಮ್ರ ಅಲ್ಲ, ಚಿನ್ನ. ಆದರೆ ಪಾಠ ಒಂದೇ. ಮುಂಬೈ ಶೇರುಪೇಟೆಯಲ್ಲಿರೋ ಡೆಕ್ಕನ್ ಗೋಲ್ಡ್ ಮೈನ್ಸ್ ಸಮೂಹ ಅಲ್ಲಿ ವರ್ಷಗಟ್ಟಲೆ ಡ್ರಿಲ್ ಮಾಡಿ, ಚಿನ್ನದ ನಿಕ್ಷೇಪ ಅಳೆದು, ಗಣಿ ಗುತ್ತಿಗೆಗೆ ಅರ್ಜಿ ಹಾಕ್ತು. ಅಷ್ಟರಲ್ಲಿ 2015 ಬಂತು. ಗಣಿ ಮತ್ತು ಖನಿಜ ಕಾಯ್ದೆಗೆ ತಿದ್ದುಪಡಿ ಆಗಿ, ಮೊದಲು ಅರ್ಜಿ ಹಾಕಿದವರಿಗೆ ಮೊದಲ ಆದ್ಯತೆ ಅನ್ನೋ ಪದ್ಧತಿ ಹೋಗಿ ಹರಾಜು ಬಂತು. ಅದಾಗಲೇ ಶೋಧನೆ ಮಾಡಿದ್ದವರಿಗೆ ಒಂದು ವಿನಾಯಿತಿ ಇಟ್ಟಿದ್ದರು. 2021ರ ಇನ್ನೊಂದು ತಿದ್ದುಪಡಿಯಲ್ಲಿ, ಗುತ್ತಿಗೆ ಸಿಗದೆ ಬಾಕಿ ಉಳಿದ ಅಂಥ ಹಕ್ಕುಗಳೂ ಕೊನೆಗೊಂಡವು, ಖರ್ಚು ಮಾಡಿದ ಹಣ ವಾಪಸ್ ಕೊಡೋ ದಾರಿ ಮಾತ್ರ ಉಳೀತು. ಡ್ರಿಲ್ ಆಯ್ತು, ಚಿನ್ನ ಸಿಕ್ಕಿತು, ಗಣಿ ಆಗಲಿಲ್ಲ. ಆ ಸುದ್ದಿಗಳ ಮೇಲೆ ಶೇರು ಕೊಂಡವರು ಕಾದರು. ಊರಲ್ಲಿ ಕೆಲಸ ಬರುತ್ತೆ ಅಂದುಕೊಂಡವರೂ ಕಾದರು.

ಯಾರ ಕೈಯಲ್ಲಿ ಯಾವ ಕಾಗದ?

ಈಗ ಇವತ್ತಿನ ಮಾತಿನ ಮುಖ್ಯ ಭಾಗ. ಸ್ವಲ್ಪ ಕಾನೂನು ಬರುತ್ತೆ, ಫಾರ್ವರ್ಡ್ ಮಾಡಬೇಡಿ, ಎರಡೇ ನಿಮಿಷ.

ರಿಗ್ ಬಂದಾಗ ಊರಿನವರು ಕೇಳೋದು "ಏನ್ ಸಿಕ್ಕೈತ್ರೀ?" ಅಂತ. ಮೊದಲು ಕೇಳಬೇಕಾದ್ದು ಅದಲ್ಲ. "ನಿಮ್ಮ ಹತ್ರ ಇರೋ ಕಾಗದ ಯಾವುದ್ರೀ?" ಅಂತ ಕೇಳಬೇಕು. ಯಾಕಂದ್ರೆ ಇವತ್ತು ಮೂರು ಥರದವರು ನಿಮ್ಮ ಊರಿಗೆ ಬರಬಹುದು.

ಮೊದಲನೆಯವರು, ಸರ್ಕಾರದ ಪರವಾಗಿ ಬರೋರು. ಜಿಯಾಲಾಜಿಕಲ್ ಸರ್ವೆಯೇ ಬರಬಹುದು, ಅಥವಾ ಸರ್ಕಾರ ಅಧಿಸೂಚನೆ ಹೊರಡಿಸಿದ ಖಾಸಗಿ ಶೋಧನಾ ಸಂಸ್ಥೆ ಬರಬಹುದು. ರಾಷ್ಟ್ರೀಯ ಖನಿಜ ಶೋಧನೆ ಮತ್ತು ಅಭಿವೃದ್ಧಿ ಟ್ರಸ್ಟ್ ಅಂತ ಇದೆ, ಗಣಿ ಗುತ್ತಿಗೆದಾರರು ರಾಯಧನದ ಜೊತೆ ಕಟ್ಟೋ ದುಡ್ಡಿನಿಂದ ನಡೆಯುತ್ತೆ. ಆ ದುಡ್ಡಿನಲ್ಲಿ ಡ್ರಿಲ್ ಮಾಡಿ, ವರದಿ ಸರ್ಕಾರಕ್ಕೆ ಕೊಟ್ಟು ಹೋಗ್ತಾರೆ. ಗಣಿಗೂ ಅವರಿಗೂ ಸಂಬಂಧ ಇಲ್ಲ.

ಎರಡನೆಯವರು, ಶೋಧನಾ ಲೈಸೆನ್ಸ್ ಇರೋರು. 2023ರ ತಿದ್ದುಪಡಿಯಲ್ಲಿ ಬಂದ ಹೊಸ ವ್ಯವಸ್ಥೆ ಇದು. ತಾಮ್ರ, ಸೀಸ, ಸತು, ನಿಕಲ್, ಚಿನ್ನ ಸೇರಿ 29 ಖನಿಜಗಳಿಗೆ ಅನ್ವಯ. ಐದು ವರ್ಷಕ್ಕೆ ಕೊಡ್ತಾರೆ, ಇನ್ನೆರಡು ವರ್ಷ ವಿಸ್ತರಿಸಬಹುದು. ಒಂದು ಲೈಸೆನ್ಸ್‌ಗೆ 1,000 ಚದರ ಕಿಲೋಮೀಟರ್‌ವರೆಗೂ ಜಾಗ ಇರಬಹುದು. ಅಷ್ಟು ಜಾಗದಲ್ಲಿ ಎಷ್ಟು ಹಳ್ಳಿ ಬರ್ತಾವೆ ನೀವೇ ಲೆಕ್ಕ ಹಾಕಿ. ಇಲ್ಲಿ ಗಮನಿಸಬೇಕಾದ್ದು ಏನಪ್ಪಾ ಅಂದ್ರೆ, ಈ ಕಂಪನಿ ಒಳ್ಳೆ ನಿಕ್ಷೇಪ ಕಂಡುಹಿಡಿದರೂ ಗಣಿ ತಾನಾಗಿ ಅದರದ್ದಾಗೋದಿಲ್ಲ. ಸರ್ಕಾರ ಆ ಜಾಗವನ್ನು ಗಣಿ ಗುತ್ತಿಗೆಗೆ ಹರಾಜು ಹಾಕುತ್ತೆ. ಗೆದ್ದವರು ಗಣಿ ನಡೆಸ್ತಾರೆ. ಹುಡುಕಿದ ಕಂಪನಿಗೆ ಹರಾಜಿನ ಪ್ರೀಮಿಯಂನಲ್ಲಿ ಪಾಲು ಸಿಗುತ್ತೆ.

ಮೂರನೆಯವರು, ಸಂಯುಕ್ತ ಲೈಸೆನ್ಸ್ ಇರೋರು. ಹರಾಜಿನಲ್ಲಿ ಗೆದ್ದು, ಮೊದಲು ಶೋಧನೆ, ಸಿಕ್ಕರೆ ಗಣಿ ಗುತ್ತಿಗೆ, ಎರಡೂ ಅವರದ್ದೇ.

ಈಗ ಯೋಚನೆ ಮಾಡಿ. ಮೊದಲ ಎರಡು ಥರದವರು ಊರಿಗೆ ಬಂದು "ನಿಮ್ಮ ಹುಡುಗರಿಗೆ ನೌಕರಿ ಕೊಡ್ತೀವಿ, ಆಸ್ಪತ್ರೆ ಕಟ್ಟಿಸ್ತೀವಿ, ಎಕರೆಗೆ ಇಷ್ಟು ಲಕ್ಷ ಬರುತ್ತೆ" ಅಂದರೆ, ಅವರು ತಮ್ಮದಲ್ಲದ ಅಂಗಡಿಯ ಸಾಮಾನು ನಿಮಗೆ ಉದ್ರಿ ಕೊಡ್ತಿದ್ದಾರೆ. ಗಣಿ ಯಾರದ್ದಾಗುತ್ತೆ ಅಂತ ಅವರಿಗೇ ಗೊತ್ತಿಲ್ಲ. ಮೂರನೆಯವರಿಗೂ ನಿಕ್ಷೇಪ ಸಾಬೀತಾಗೋವರೆಗೆ ಗೊತ್ತಿರೋದಿಲ್ಲ. ಡ್ರಿಲ್ಲಿಂಗ್ ಹಂತದಲ್ಲಿ ನಿಜವಾಗಿ ಸಿಗೋ ಕೆಲಸ ನಾನು ಕಣ್ಣಾರೆ ಕಂಡ ಹಾಗೆ ಇಷ್ಟೇ: ನಾಲ್ಕಾರು ಹೆಲ್ಪರ್‌ಗಳು, ಒಬ್ಬ ವಾಚ್‌ಮನ್, ಒಂದು ಬಾಡಿಗೆ ಜೀಪು, ಒಂದು ಟ್ಯಾಂಕರ್, ಊಟ ಮಾಡಿ ಕೊಡೋ ಒಂದು ಮನೆ. ಕೆಲವು ತಿಂಗಳು. ಆಮೇಲೆ ರಿಗ್ ಮುಂದಿನ ಊರಿಗೆ.

ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ ಕೇಳಿರ್ತೀರಿ. ಗಣಿ ಇರೋ ಜಿಲ್ಲೆಗಳಿಗೆ ಬರೋ ದುಡ್ಡು. ಅದು ಗಣಿ ನಡೆದು ರಾಯಧನ ಕಟ್ಟಿದ ಮೇಲೆ ಬರೋದು. ಬರೀ ಡ್ರಿಲ್ಲಿಂಗ್‌ನಿಂದ ಊರಿಗೆ ಆ ಬಾಬ್ತಿನಲ್ಲಿ ಒಂದು ರೂಪಾಯಿಯೂ ಇಲ್ಲ.

ಫೋನಿಗೆ ಬರೋ ಸುದ್ದಿ

ಈಗ ಶೇರಿನ ಕಡೆ ಬರೋಣ. ನಮ್ಮ ಕಾಕಾನ ಮಗ ಒಬ್ಬ ಇದ್ದಾನೆ, ಹುಬ್ಬಳ್ಳಿಯಲ್ಲಿ ಕೆಲಸ. ಒಂದು ದಿನ ಫೋನ್ ಮಾಡಿ, "ಅಣ್ಣಾ, ಒಂದ್ ಸಣ್ಣ ಕಂಪನಿ ಐತಿ. ಇಪ್ಪತ್ತ್ ಮೀಟರಿಗೆ ಒಂದ್ ಪರ್ಸೆಂಟ್ ತಾಮ್ರ ಬಂದೈತಂತ. ಕಡ್ಲಿ ಮಾರಿದ ರೊಕ್ಕ ಅವ್ವನ ಅಕೌಂಟಿನ್ಯಾಗ ಐತಿ, ಹಾಕ್ಲೇನು?" ಅಂದ. "ತಮ್ಮಾ, ಹಾಕಬೇಡ ಅಂತ ನಾ ಹೇಳಂಗಿಲ್ಲ. ಆದ್ರ ನಾಕ್ ಪ್ರಶ್ನೆ ಕೇಳು, ಉತ್ತರ ಸಿಕ್ಕರ ಹಾಕು" ಅಂದೆ. ಆ ನಾಲ್ಕು ಪ್ರಶ್ನೆ ನಿಮಗೂ ಹೇಳ್ತೀನಿ.

ಒಂದು, ಸರಾಸರಿ ಯಾವುದರ ಸರಾಸರಿ? ಹನ್ನೊಂದು ಜನರ ಟೀಮಿನಲ್ಲಿ ಒಬ್ಬ 110 ಹೊಡೆದು, ಉಳಿದ ಹತ್ತೂ ಜನ ಸೊನ್ನೆಗೆ ಔಟಾದರೂ ಸರಾಸರಿ ತಲೆಗೆ 10 ರನ್. ಹಾಗೆಯೇ ಎರಡು ಮೀಟರ್‌ನಲ್ಲಿ 9 ಪರ್ಸೆಂಟ್ ತಾಮ್ರ ಇದ್ದು, ಉಳಿದ ಹದಿನೆಂಟು ಮೀಟರ್‌ನಲ್ಲಿ 0.1 ಪರ್ಸೆಂಟ್ ಇದ್ದರೂ, "20 ಮೀಟರ್‌ಗೆ ಸುಮಾರು 1 ಪರ್ಸೆಂಟ್" ಅಂತ ಬರೆಯಬಹುದು. ಸುಳ್ಳಲ್ಲ. ಆದರೆ ಅಲ್ಲಿ ಇರೋದು ಎರಡು ಮೀಟರ್ ಅದಿರು, ಹದಿನೆಂಟು ಮೀಟರ್ ಬರೀ ಕಲ್ಲು. ಒಳಗಿನ ವಿವರ ಕೊಟ್ಟಿದ್ದಾರಾ ನೋಡಿ.

ಎರಡು, ಉದ್ದ ನಿಜವಾದ ದಪ್ಪವಾ? ಸೌತೆಕಾಯಿ ನೇರ ಕತ್ತರಿಸಿದರೆ ಬಿಲ್ಲೆ ಚಿಕ್ಕದು, ಓರೆಯಾಗಿ ಕತ್ತರಿಸಿದರೆ ಉದ್ದದ್ದು. ಸೌತೆಕಾಯಿ ಅದೇ. ಡ್ರಿಲ್ ಪದರದ ಉದ್ದಕ್ಕೆ ಓರೆಯಾಗಿ ಹಾದರೆ ಐದು ಮೀಟರ್ ದಪ್ಪದ ಪದರ ಇಪ್ಪತ್ತು ಮೀಟರ್ ಥರ ಕಾಣಬಹುದು. ನಿಜವಾದ ದಪ್ಪ ಎಷ್ಟು ಅಂತ ಬರೆದಿದ್ದಾರಾ?

ಮೂರು, ಎಷ್ಟು ತೂತು ಕೊರೆದರು, ಎಷ್ಟರ ಫಲಿತಾಂಶ ಹೇಳಿದರು? ಹತ್ತು ತೂತಿನಲ್ಲಿ ಒಂದು ಚೆನ್ನಾಗಿ ಬಂದು ಆ ಒಂದನ್ನೇ ಹೇಳಿದರೆ, ಅದು ಹತ್ತು ಬೋರ್ ಹಾಕಿಸಿ ನೀರು ಬಿದ್ದ ಒಂದರ ಫೋಟೋ ಮಾತ್ರ ಸ್ಟೇಟಸ್‌ಗೆ ಹಾಕಿದ ಹಾಗೆ.

ನಾಲ್ಕು, ಅರ್ಧ ಕೋರ್ ಎಲ್ಲಿದೆ? ಆಗ ನೆನಪಿಡಿ ಅಂದಿದ್ದು ಇದನ್ನೇ.

1990ರ ದಶಕದಲ್ಲಿ ಕೆನಡಾದಲ್ಲಿ ಬ್ರೀ-ಎಕ್ಸ್ ಅಂತ ಒಂದು ಸಣ್ಣ ಕಂಪನಿ ಇತ್ತು. ಇಂಡೊನೇಷ್ಯಾದ ಬೋರ್ನಿಯೊ ಕಾಡಿನ ಬುಸಾಂಗ್‌ನಲ್ಲಿ ಡ್ರಿಲ್ ಮಾಡಿ ಭಾರೀ ಚಿನ್ನ ಸಿಕ್ಕಿದೆ ಅಂತು. ಚಿಲ್ಲರೆ ಬೆಲೆಯ ಶೇರು ಏರುತ್ತಾ ಏರುತ್ತಾ, ಶೇರು ವಿಭಜನೆಗೆ ಮುಂಚಿನ ಲೆಕ್ಕದಲ್ಲಿ 280 ಕೆನಡಿಯನ್ ಡಾಲರ್ ದಾಟಿತು. ಕಂಪನಿಯ ಬೆಲೆ ಸುಮಾರು 600 ಕೋಟಿ ಡಾಲರ್. ಸಾಮಾನ್ಯ ಜನ, ಪೆನ್ಷನ್ ಫಂಡುಗಳು, ಎಲ್ಲರೂ ಹಾಕಿದರು. 1997ರಲ್ಲಿ ಪಾಲುದಾರಿಕೆಗೆ ಬಂದ ಫ್ರೀಪೋರ್ಟ್ ಅನ್ನೋ ದೊಡ್ಡ ಕಂಪನಿ ಅದೇ ಜಾಗದ ಪಕ್ಕದಲ್ಲೇ ತಾನೂ ಕೊರೆದು ನೋಡಿತು. ಚಿನ್ನ ಇಲ್ಲ ಅನ್ನಬಹುದಾದಷ್ಟು ಕಡಿಮೆ. ಆಮೇಲೆ ಗೊತ್ತಾಯ್ತು, ಪುಡಿ ಮಾಡಿದ ಮಾದರಿಗಳಿಗೆ ಹೊರಗಿನ ಚಿನ್ನ ಬೆರೆಸಿದ್ದರು ಅಂತ. ಶೇರು ಕಾಗದದ ಚೂರಾಯ್ತು. ಅಲ್ಲಿದ್ದ ದೊಡ್ಡ ಅನುಮಾನದ ಗುರುತು ಏನು ಗೊತ್ತಾ? ಅವರು ಅರ್ಧ ಕೋರ್ ಇಟ್ಟುಕೊಳ್ಳದೆ, ಹೆಚ್ಚುಕಡಿಮೆ ಇಡೀ ಕೋರ್ ಅನ್ನೇ ಪುಡಿ ಮಾಡಿ ಕಳಿಸ್ತಿದ್ದರು. ಮತ್ತೆ ತೆಗೆದು ಪರೀಕ್ಷೆ ಮಾಡೋಣ ಅಂದರೆ ಕಲ್ಲೇ ಇಲ್ಲ.

ಆ ಹಗರಣದ ನಂತರ ಕೆನಡಾ 2001ರಲ್ಲಿ ಕಟ್ಟುನಿಟ್ಟಿನ ನಿಯಮ ತಂತು. ಯಾರು ಅರ್ಹ ಭೂವಿಜ್ಞಾನಿ, ಏನು ಹೇಳಬಹುದು, ಹೇಗೆ ಹೇಳಬೇಕು ಎಲ್ಲಾ. ಆಸ್ಟ್ರೇಲಿಯಾದಲ್ಲಿ ಜಾರ್ಕ್ ಅನ್ನೋ ಸಂಹಿತೆ ಇದೆ. ಕಂಪನಿಯ ಪ್ರಕಟಣೆಯಲ್ಲಿ ಇಂಥ ಸಂಹಿತೆಯ ಹೆಸರು, ಹೊಣೆ ಹೊತ್ತ ಭೂವಿಜ್ಞಾನಿಯ ಹೆಸರು, ಲ್ಯಾಬಿನ ಹೆಸರು ಇದೆಯಾ ನೋಡಿ. ಇವು ಇಲ್ಲದೆ ಬರೀ "ಬಂಪರ್" ಅಂತ ಇದ್ದರೆ, ಅದು ಸುದ್ದಿ ಅಲ್ಲ, ಜಾಹೀರಾತು.

ನಮ್ಮ ತಮ್ಮ ಹುಡುಕಿದ. ನಾಲ್ಕರಲ್ಲಿ ಒಂದಕ್ಕೆ ಮಾತ್ರ ಉತ್ತರ ಸಿಕ್ಕಿತು. ಕಡಲೆ ದುಡ್ಡು ಅವ್ವನ ಅಕೌಂಟಿನಲ್ಲೇ ಉಳೀತು.

ಹೊಲದ ಬದುವಿನಲ್ಲಿ ನಿಂತಾಗ

ಕೊನೆಗೆ, ರಿಗ್ ನಿಜವಾಗಿ ನಿಮ್ಮ ಹೊಲಕ್ಕೇ ಬಂದರೆ?

ಗಣಿ ಮತ್ತು ಖನಿಜ ಕಾಯ್ದೆಯ 24ಎ ಕಲಂ ಅಂತ ಇದೆ, ಬರೆದಿಟ್ಟುಕೊಳ್ಳಿ. ಲೈಸೆನ್ಸ್ ಇರೋರು ಜಮೀನಿಗೆ ಬಂದು ಕೆಲಸ ಮಾಡಬಹುದು ಅಂತ ಅದು ಹೇಳುತ್ತೆ. ಹಾಗಂತ ಎಲ್ಲಾ ಅವರದ್ದೇ ಅಂತಲ್ಲ. ಮನೆಯೊಳಗೆ, ಮನೆಗೆ ಸೇರಿದ ಅಂಗಳಕ್ಕೆ, ಕೈತೋಟಕ್ಕೆ ನಿಮ್ಮ ಒಪ್ಪಿಗೆ ಇಲ್ಲದೆ ಬರಬೇಕಾದರೆ ಕನಿಷ್ಠ ಏಳು ದಿನ ಮುಂಚೆ ಬರಹದಲ್ಲಿ ನೋಟಿಸ್ ಕೊಡಬೇಕು. ಜಮೀನಿಗೆ, ಬೆಳೆಗೆ ಆದ ನಷ್ಟಕ್ಕೆ ಪರಿಹಾರ ಕೊಡೋದು ಅವರ ಹೊಣೆ. ಆ ಮೊತ್ತ ಎಷ್ಟು ಅಂತ ತೀರ್ಮಾನಿಸೋದು ರಾಜ್ಯ ಸರ್ಕಾರ, ಕಂಪನಿಯ ಮ್ಯಾನೇಜರ್ ಅಲ್ಲ, ನಡುವಿನ ದಲ್ಲಾಳಿಯಂತೂ ಅಲ್ಲವೇ ಅಲ್ಲ.

ಹಾಗಾಗಿ ಲೈಸೆನ್ಸಿನ ಪ್ರತಿ ಕೇಳಿ. ಎಷ್ಟು ತೂತು, ಎಷ್ಟು ಆಳ, ಎಷ್ಟು ದಿನ ಅಂತ ಬರಹದಲ್ಲಿ ಕೇಳಿ. ನೀರು ಎಲ್ಲಿಂದ ತರ್ತಾರೆ, ಊರಿನ ಬೋರ್‌ನಿಂದಲೋ ಹೊರಗಿನಿಂದಲೋ ಕೇಳಿ. ನಮ್ಮ ಎರೆ ಹೊಲದ ಸ್ವಭಾವ ನಿಮಗೆ ಗೊತ್ತೇ ಇದೆ, ಹಸಿ ಇದ್ದಾಗ ಲಾರಿ ಓಡಾಡಿದರೆ ನೆಲ ಗಟ್ಟಿಯಾಗಿ ಮುಂದಿನ ಬಿತ್ತನೆಗೆ ಕೂರಿಗೆ ಇಳಿಯೋದಿಲ್ಲ. ಅದಕ್ಕೆ ಹಿಂಗಾರಿ ಬಿತ್ತೋಕೆ ಮುಂಚೆಯೋ, ರಾಶಿ ಆದ ಮೇಲೋ ಬನ್ನಿ ಅಂತ ಹೇಳಿ. ಕೆಸರು ನೀರಿನ ಗುಂಡಿಗೆ ಪ್ಲಾಸ್ಟಿಕ್ ಹಾಸಿ, ಕೆಲಸ ಮುಗಿದ ಮೇಲೆ ತೂತಿಗೆ ಸಿಮೆಂಟ್ ತುಂಬಿ ಮುಚ್ಚಿ, ಗುಂಡಿ ಸಮ ಮಾಡಿ ಹೋಗಬೇಕು ಅಂತ ಬರೆಸಿಕೊಳ್ಳಿ. ರಿಗ್ ಬರೋ ಮುಂಚೆ ಹೊಲದ ಫೋಟೋ, ಹೋದ ಮೇಲೆ ಫೋಟೋ. ಫೋನ್ ಇರೋದೇ ಅದಕ್ಕೆ.

ಡ್ರಿಲ್ಲಿಂಗ್‌ನಿಂದ ಊರು ಹಾಳಾಗಿಬಿಡುತ್ತೆ ಅನ್ನೋ ಹೆದರಿಕೆಯೂ ಬೇಡ. ಸರಿಯಾಗಿ ಮುಚ್ಚಿದರೆ ಒಂದು ತೂತಿನಿಂದ ಆಗೋ ಹಾನಿ ಸಣ್ಣದು. ಗಣಿ ಅನ್ನೋದು ಬೇರೆಯೇ ಮಾತು. ಅಲ್ಲಿ ಜಮೀನು ಹೋಗುತ್ತೆ, ಗಂಧಕ ಇರೋ ಕಲ್ಲು ಗಾಳಿ, ನೀರಿಗೆ ಸಿಕ್ಕಿ ಆಮ್ಲ ಆಗುತ್ತೆ, ನೀರಿನ ಪ್ರಶ್ನೆ ಬರುತ್ತೆ. ಆ ಹಂತಕ್ಕೆ ಬೇರೆ ಅನುಮತಿಗಳಿವೆ, ಬೇರೆ ಮಾತುಕತೆ ಇದೆ. ನಮ್ಮ ಜಿಲ್ಲೆಗೆ ಅದು ಹೊಸದಲ್ಲ. 2011ರಲ್ಲಿ ಹಳ್ಳಿಗುಡಿಯ ಹತ್ತಿರ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಜಮೀನು ಹೋಗುತ್ತೆ ಅಂದಾಗ ತೋಂಟದ ಸಿದ್ಧಲಿಂಗ ಶ್ರೀಗಳ ಜೊತೆ ರೈತರು ನಿಂತರು, ಆ ಯೋಜನೆ ನಿಂತಿತು. 2019ರಲ್ಲಿ ಕಪ್ಪತಗುಡ್ಡದ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮ ಆಯ್ತು. ಬೇಕು ಅನ್ನೋದಕ್ಕೂ ಬೇಡ ಅನ್ನೋದಕ್ಕೂ ಸರಿಯಾದ ಹೊತ್ತು ಇರುತ್ತೆ. ಆ ಹೊತ್ತಿಗೆ ಮಾತಾಡಬೇಕಾದರೆ, ಯಾವ ಹಂತ ನಡೀತಿದೆ ಅಂತ ಈಗಲೇ ಗೊತ್ತಿರಬೇಕು.

ಒಂದು ಮಾತು ಮಾತ್ರ ಕೈಮುಗಿದು ಹೇಳ್ತೀನಿ. ರಿಗ್ ನೋಡಿ ಹೊಲ ಮಾರಬೇಡಿ, ರಿಗ್ ನೋಡಿ ಹೊಲ ಕೊಳ್ಳಲೂ ಬೇಡಿ. ದಲ್ಲಾಳಿ ಬಂದು "ಈಗ ಕೊಟ್ಟರೆ ಒಳ್ಳೆ ರೇಟು, ಆಮೇಲೆ ಸರ್ಕಾರ ಕಿತ್ಕೊಳ್ತದ" ಅಂದರೆ, ಅವನಿಗೆ ಚಹಾ ಕೊಟ್ಟು ಕಳಿಸಿ. ಭೂವಿಜ್ಞಾನ ಇಷ್ಟು ವರ್ಷ ಓದಿ, ಕೋರ್ ಕೈಯಲ್ಲಿ ಹಿಡಿದುಕೊಂಡ ನನಗೇ ಗಣಿ ಆಗುತ್ತೋ ಇಲ್ಲವೋ ಹೇಳೋಕೆ ಆಗಲ್ಲ. ಅವನಿಗೆ ಹೇಗೆ ಗೊತ್ತಾಗುತ್ತೆ?

ಇವತ್ತಿಗೆ ಇಷ್ಟು. ಈ ಸಂಚಿಕೆ ಉಪಯೋಗ ಆಯ್ತು ಅನಿಸಿದರೆ ಊರಿನ ಗ್ರೂಪಿಗೆ ಕಳಿಸಿ, ಆದರೆ ಪೂರ್ತಿ ಕಳಿಸಿ. ನಿಮ್ಮ ಊರಿನ ಕಡೆ ಇಂಥ ಡ್ರಿಲ್ಲಿಂಗ್ ನಡೆದಿದ್ದರೆ, ಅವರು ಯಾವ ಕಾಗದ ತೋರಿಸಿದರು, ತೂತು ಮುಚ್ಚಿ ಹೋದರಾ ಇಲ್ಲವಾ, ನಮಗೆ ಬರೆದು ತಿಳಿಸಿ. ಮತ್ತೆ ಸಿಗೋಣ. ನಮಸ್ಕಾರ.